ಉಂಗುರದೊಳಗಿನ ಗುಡ್ಡೆ

ಹೃಷೀಕೇಶನಿಗೆ ಹೆಂಡತಿಯ ಗಣಿತದ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ. ಅದರಲ್ಲೊಂದು ಗುಡ್ಡೆ ಇತ್ತು.

ಮದುವೆಯಾದ ಹೊಸತರಲ್ಲಿ ಊರ್ಮಿಳಾ ಪಿಎಚ್‌ಡಿ ಮಾಡುತ್ತಿದ್ದಳು. ಮುಂಬಯಿ ಪಕ್ಕದ ಕಲ್ಯಾಣದ ಕಾಲೇಜಿನಲ್ಲಿ ಬೆಳಗಿನ ಪಾಠ ಮುಗಿಸಿ, ಸ್ಲೋ ಲೋಕಲ್ ಹಿಡಿದು ಡೊಂಬಿವಲಿಗೆ ಬಂದು, ಮಾನಪಾಡಾ ರಸ್ತೆಯ ಅವರ ಹೊಟೇಲಿನಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕದ ಮೇಜಿಗೆ ಕೂರುವಳು. ಊಟದ ಗಿರಾಕಿಗಳು ಎದ್ದು ಹೋಗಿ, ಸಂಜೆಯ ದೋಸೆಯವರು ಇನ್ನೂ ಬಾರದ ಹೊತ್ತು ಅದು. ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತ ಹೃಷೀಕೇಶ ಅಲ್ಲಿಂದಲೇ ನೋಡುವನು. ಕಾಗದದ ತುಂಬ ಅವನಿಗೆ ತಲೆಬುಡ ತಿಳಿಯದ ಅಕ್ಷರಗಳು. ಕೊನೆಯಲ್ಲಿ ಮಾತ್ರ ಯಾವಾಗಲೂ ಅದೇ ಚಿತ್ರ: ಮಟ್ಟಸವಾದ ಒಂದು ಗೆರೆ, ನಡುವೆ ನುಣ್ಣಗೆ ಏರಿ ನುಣ್ಣಗೆ ಇಳಿಯುವ ಒಂದು ಉಬ್ಬು, ಮತ್ತೆ ಮಟ್ಟಸವಾದ ಗೆರೆ. ಉಡುಪಿ ಕಡೆಯ ಅವನ ಕಣ್ಣಿಗೆ ಅದು ಬಯಲಿನ ನಡುವೆ ಎದ್ದ ಗುಡ್ಡೆಯ ಹಾಗೆ ಕಂಡಿತು. ಅಂದಿನಿಂದ ಅದರ ಹೆಸರು ಗುಡ್ಡೆಯೇ ಆಯಿತು.

"ಗುಡ್ಡೆ ಎಂತ ಹೇಳ್ತದೆ ಇವತ್ತು?" ಎಂದು ಅವನು ಚಾ ತಂದಿಡುತ್ತ ಕೇಳುವನು. "ಬೀಳ್ಲಿಲ್ಲ ಇನ್ನೂ" ಎಂದು ಅವಳು ತಲೆ ಎತ್ತದೆ ಹೇಳುವಳು. ಅಷ್ಟಕ್ಕೇ ಇಬ್ಬರಿಗೂ ಸಮಾಧಾನ.

ಪಿಎಚ್‌ಡಿಯ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಎಲ್ಲ ಚೆನ್ನಾಗಿದೆ ಅಮ್ಮ, ಆದರೆ ಈ ನಿಮ್ಮ ಅಲೆ ಜಗತ್ತಿನಲ್ಲಿ ಎಲ್ಲಿದೆ?" ಎಂದು ಕೇಳಿದರಂತೆ. "ಎಲ್ಲಿಯೂ ಇಲ್ಲ ಸರ್, ಸಮೀಕರಣದಲ್ಲಿ ಇದೆ" ಎಂದಳಂತೆ ಇವಳು. ಆ ಮಾತು ಮನೆಯಲ್ಲಿ ಎಷ್ಟೋ ವರ್ಷ ನಗೆಚಾಟಿಕೆಯಾಗಿ ಓಡಾಡಿತು. ಆಮೇಲೆ ಮಗಳು ಹುಟ್ಟಿದಳು, ಕಾಲೇಜಿನ ಕೆಲಸ ಹೆಚ್ಚಿತು, ಉತ್ತರ ಪತ್ರಿಕೆಗಳ ಕಟ್ಟು ಹೊತ್ತುಕೊಂಡು ಅವಳು ಅದೇ ಮೇಜಿಗೆ ಬಂದು ಕೂತಳು. ಗುಡ್ಡೆಯ ಚಿತ್ರ ಕಾಣದೆ ಎಷ್ಟು ಕಾಲವಾಯಿತೆಂದು ಹೃಷೀಕೇಶನೂ ಲೆಕ್ಕ ಇಡಲಿಲ್ಲ. ನಿವೃತ್ತಿಯೂ ಆಯಿತು.

ಹಾಗಿರುವಾಗ ಫೆಬ್ರವರಿಯ ಒಂದು ಮಧ್ಯಾಹ್ನ ಕಶ್ಯಪ ಹೊಟೇಲಿಗೆ ಬಂದ. ಅವನು ಊರ್ಮಿಳಾಳ ಹಳೆಯ ವಿದ್ಯಾರ್ಥಿ. ಟಿಟ್ವಾಳಾದಿಂದ ಬೆಳಗಿನ ಗಾಡಿಗೆ ಜೋತುಬಿದ್ದು ಕಲ್ಯಾಣಕ್ಕೆ ಬಂದು ಓದಿದವನು. ಆಮೇಲೆ ಭೌತಶಾಸ್ತ್ರದ ಕಡೆ ಹೋಗಿ, ಹೊರದೇಶದಲ್ಲೂ ಕೆಲವು ಕಾಲ ಇದ್ದು, ಈಗ ನವಿ ಮುಂಬಯಿಯ ಮಹಾಪೆಯಲ್ಲಿ ಬೆಳಕಿನ ಚಿಪ್‌ಗಳ ಮೇಲೆ ಕೆಲಸ ಮಾಡುವ ಸಣ್ಣದೊಂದು ಪ್ರಯೋಗಾಲಯ ನಡೆಸುತ್ತಿದ್ದ. ಊರ್ಮಿಳಾಳ ಎದುರು ಕುರ್ಚಿಯ ತುದಿಯಲ್ಲಿ ಕೂತು, ತಂದಿಟ್ಟ ಕಾಫಿ ಮುಟ್ಟದೆ, "ಮೇಡಂ, ನಿಮ್ಮ ಅಲೆ, ಆ ಸಾಲಿಟನ್, ಸಿಕ್ಕಿದೆ" ಎಂದ. "ನಮ್ಮ ರಿಂಗ್‌ನಲ್ಲಿ. ಮತ್ಲಬ್, ಯಾವಾಗಲೂ ಸಿಗಲ್ಲ, ಹತ್ತು ಸಲ ಹಿಡಿದರೆ ಒಂದು ಸಲ ನಿಲ್ಲತ್ತೆ. ನೀವು ಒಮ್ಮೆ ಬಂದು ನೋಡಬೇಕು."

"ಸಮೀಕರಣ ನನ್ನದಲ್ಲ ಕಶ್ಯಪ. ದೊಡ್ಡವರು ಬರೆದದ್ದು. ಅದರಲ್ಲಿ ಗುಡ್ಡೆ ಯಾವಾಗ ನಿಲ್ತದೆ, ಯಾವಾಗ ಬೀಳ್ತದೆ ಅಂತ ನಾನು ಒಂದಿಷ್ಟು ತೋರಿಸಿದ್ದು. ಅಷ್ಟೇ."

"ನಮಗೆ ಬೇಕಾಗಿದ್ದು ಅದೇ ಅಷ್ಟು ಮೇಡಂ. ನಾನು ನಿಮ್ಮ ಥೀಸಿಸ್ ಇಟ್ಟುಕೊಂಡೇ ಲೇಸರ್ ಸೆಟ್ ಮಾಡ್ತೀನಿ."

ಊರ್ಮಿಳಾ ಕಾಫಿ ಲೋಟವನ್ನು ಅವನ ಕಡೆ ಸರಿಸಿದಳು. ಆಮೇಲೆ, "ಹೊರದೇಶದವರು ಹಿಡಿದದ್ದನ್ನ ಓದಿದ್ದೇನೆ. ಹೇಗಿರ್ತದೆ ಅಂತ ನನಗೆ ಗೊತ್ತುಂಟು. ಅಷ್ಟು ದೂರ ಬಂದು ನಿಮ್ಮ ಕೆಲಸ ಕೆಡಿಸುವುದು ಯಾಕೆ" ಎಂದಳು. ಕಶ್ಯಪ ಮತ್ತೂ ಎರಡು ಸಲ ಕೇಳಿ, ಸೋತು, ತಣ್ಣಗಾದ ಕಾಫಿ ಕುಡಿದು ಹೋದ.

ಗಲ್ಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ ಹೃಷೀಕೇಶ ದುಡ್ಡಿನ ಡ್ರಾವರ್ ಮುಚ್ಚಿದ. ಅವನು ಎದ್ದು ಬಂದು ಕಶ್ಯಪ ಕೂತಿದ್ದ ಕುರ್ಚಿಯಲ್ಲಿ ಕೂತ.

"ಗುಡ್ಡೆ ನಿಜವಾಗಿ ಉಂಟಾ?"

"ಉಂಟು. ಹತ್ತು ಹನ್ನೆರಡು ವರ್ಷ ಆಯ್ತು ಹೊರದೇಶದವರು ಹಿಡಿದು."

"ನೀನು ಹೇಳಲೇ ಇಲ್ಲ."

"ಎಂತ ಹೇಳುವುದು? ಪೇಪರ್ ಓದಿದೆ, ಸಂತೋಷ ಆಯ್ತು, ಮಡಚಿಟ್ಟೆ."

"ಮತ್ತೆ ಹೋಗ್ಲಿಕ್ಕೆ ಎಂತ ಕಷ್ಟ ನಿನಗೆ?"

ಅವಳು ಮೇಜಿನ ಮೇಲೆ ಚೆಲ್ಲಿದ್ದ ಕಾಫಿಯನ್ನು ಬೆರಳಿನಿಂದ ಎಳೆದಳು. "ಕಾಗದದಲ್ಲಿ ಅದಕ್ಕೆ ಸಾವಿಲ್ಲ, ಗೊತ್ತುಂಟಾ" ಎಂದಳು. "ಒಮ್ಮೆ ನಿಂತಿತು ಅಂದ್ರೆ ನಿಂತಿತು. ಅಲ್ಲಿ ಹಾಗಲ್ಲ. ಸ್ವಲ್ಪ ಬಿಸಿ ಹೆಚ್ಚು ಕಮ್ಮಿಯಾದ್ರೆ ಹೋಯ್ತು. ಇಷ್ಟು ವರ್ಷ ತಲೆಯೊಳಗೆ ಇಟ್ಟುಕೊಂಡದ್ದು ಕಣ್ಣೆದುರು ಸಾಯುವುದನ್ನ ನೋಡ್ಲಿಕ್ಕೆ ಹೋಗ್ಬೇಕಾ?"

"ನೀನು ನೋಡಿದ್ದಿ, ತಲೆಯೊಳಗೆ. ನಾನು ನೋಡ್ಲಿಲ್ಲ" ಎಂದ ಹೃಷೀಕೇಶ. "ನನಗೆ ನೋಡ್ಬೇಕು."

ಊರ್ಮಿಳಾ ಗಂಡನ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. ಸಂಜೆಯ ಮೊದಲ ಗಿರಾಕಿ ಒಳಗೆ ಬಂದು ಮಸಾಲೆ ದೋಸೆ ಹೇಳಿದ. ಅವಳು ಫೋನ್ ತೆಗೆದು ಕಶ್ಯಪನ ನಂಬರ್ ಒತ್ತಿದಳು.

ಮರುವಾರ ಹೊಟೇಲನ್ನು ತಮ್ಮನ ಮಗ ಹಿತೇಶನಿಗೆ ಒಪ್ಪಿಸಿ ಇಬ್ಬರೂ ಹೊರಟರು. ಠಾಣೆಯಲ್ಲಿ ಇಳಿದು ಪನ್ವೇಲ್ ಕಡೆಯ ಗಾಡಿ ಹತ್ತಿದಾಗ ಆಫೀಸಿನ ಗದ್ದಲ ಕಡಿಮೆಯಾಗಿತ್ತು; ಕಿಟಕಿಯ ಪಕ್ಕ ಎರಡು ಸೀಟು ಸಿಕ್ಕವು. ಐರೋಲಿ ದಾಟುವಷ್ಟರಲ್ಲಿ ಹೃಷೀಕೇಶ ಕೇಳಿದ, "ಈಗಲಾದರೂ ಹೇಳು ಮಾರಾಯ್ತಿ, ಆ ಗುಡ್ಡೆ ಎಂತದ್ದು?"

"ಬೆಳಕಿನ ಒಂದು ಚೂರು ಅಂತ ಇಟ್ಟುಕೊಳ್ಳಿ. ಅದರೊಳಗೆ ಬೇರೆ ಬೇರೆ ಬಣ್ಣ ಇರ್ತದೆ. ಗಾಜಿನೊಳಗೆ ಎಲ್ಲ ಬಣ್ಣಕ್ಕೂ ಒಂದೇ ವೇಗ ಇಲ್ಲ. ಒಂದು ಮುಂದೆ ಓಡ್ತದೆ, ಒಂದು ಹಿಂದೆ ಉಳೀತದೆ. ಡೊಂಬಿವಲಿಯಲ್ಲಿ ಗಾಡಿಯಿಂದ ಇಳಿದವರು ಒಟ್ಟಿಗೇ ಇಳೀತಾರೆ, ಸೇತುವೆ ದಾಟಿ ಹೊರಗೆ ಬರುವಾಗ ಚದುರಿ ಹೋಗಿರ್ತಾರಲ್ಲ, ಹಾಗೆ. ಚೂರು ಹರಡಿ ಹರಡಿ ಇಲ್ಲವೇ ಆಗ್ತದೆ."

"ಸರಿ."

"ಆದರೆ ಬೆಳಕು ತುಂಬ ಜೋರಿದ್ದರೆ ಗಾಜೇ ಸ್ವಲ್ಪ ಬದಲಾಗ್ತದೆ. ಬೆಳಕು ದಟ್ಟ ಇದ್ದಲ್ಲಿ ನಡೆ ನಿಧಾನ ಆಗ್ತದೆ. ಅದರಿಂದ ಚದುರಿ ಹೋಗುವ ಬಣ್ಣಗಳನ್ನ ಬೆಳಕೇ ಮತ್ತೆ ಒಳಗೆ ಎಳಕೊಳ್ತದೆ. ಹರಡುವುದು, ಎಳಕೊಳ್ಳುವುದು, ಎರಡೂ ಸರಿಸಮ ಆದರೆ ಆ ಚೂರು ಎಷ್ಟು ದೂರ ಹೋದರೂ ಆಕಾರ ಬಿಡುವುದಿಲ್ಲ. ಅದೇ ಗುಡ್ಡೆ. ಸಾಲಿಟನ್ ಅಂತಾರೆ. ಒಂಟಿ ಅಲೆ."

"ಗಾಜು ಬೆಳಕನ್ನ ತಿಂದು ಹಾಕುವುದಿಲ್ವಾ?"

ಊರ್ಮಿಳಾ ಮೆಚ್ಚಿ ತಲೆಯಾಡಿಸಿದಳು. "ತಿಂತದೆ. ಅದಕ್ಕೇ ಹೊರಗಿನಿಂದ ಲೇಸರ್ ಬಿಡ್ತಾ ಇರ್ಬೇಕು, ತಿಂದಷ್ಟು ತುಂಬ್ಲಿಕ್ಕೆ. ಹೆಚ್ಚು ತುಂಬಿದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ. ನನ್ನ ಕೆಲಸ ಇದ್ದದ್ದು ಅಲ್ಲಿ."

ಕೋಪರಖೈರಣೆಯಲ್ಲಿ ಇಳಿದು ರಿಕ್ಷಾ ಹಿಡಿದರು. ಕಾರ್ಖಾನೆಗಳ ಶೆಡ್ಡುಗಳು, ಗಾಜಿನ ಕಟ್ಟಡಗಳು, ಲಾರಿಗಳ ಸಾಲು. ಅದರ ನಡುವೆ ಮೂರು ಮಹಡಿಯ ಹಳೆಯ ಕಟ್ಟಡವೊಂದರ ಬಾಗಿಲಲ್ಲಿ ಕಶ್ಯಪ ಕಾಯುತ್ತ ನಿಂತಿದ್ದ. ಇಂಥ ಜಾಗದಲ್ಲಿ ಅಂಥದ್ದು ಇದ್ದೀತೆಂದು ಹೃಷೀಕೇಶನಿಗೆ ನಂಬಿಕೆ ಬರಲಿಲ್ಲ.

ಒಳಗಿನ ಕೋಣೆ ತಂಪಾಗಿತ್ತು. ನಡುವೆ ದೊಡ್ಡದೊಂದು ಉಕ್ಕಿನ ಮೇಜು. ಹೊರಗಿನ ಅಲುಗಾಟ ತಾಗಬಾರದೆಂದು ಅದನ್ನು ಗಾಳಿ ತುಂಬಿದ ಕಾಲುಗಳ ಮೇಲೆ ನಿಲ್ಲಿಸಿದ್ದರು. ಅದರ ಪಕ್ಕದಲ್ಲಿ ಅಮೂಲ್ಯಾ ಎಂಬ ಸಂಶೋಧಕಿ ಕೂತಿದ್ದಳು. ಮೂವತ್ತರ ಒಳಗಿನ ವಯಸ್ಸು, ಕಲ್ಯಾಣದ ಹುಡುಗಿ, ಮನೆಮಾತು ಕನ್ನಡವೇ. ಆದರೂ ಊರ್ಮಿಳಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲೇ ಉತ್ತರ ಕೊಟ್ಟಳು. ಕಶ್ಯಪ ರಿಂಗ್ ಎಂದಿದ್ದ ಉಂಗುರವನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದವಳು ಅವಳೇ. ಉಗುರಿನಷ್ಟಗಲದ ಚಿಪ್, ಅದರ ಮೇಲೆ ಒಂದು ಸಣ್ಣ ಸುತ್ತು.

"ನಿಜವಾಗಿ ಎಷ್ಟು ದೊಡ್ಡದು ಇದು?" ಎಂದು ಹೃಷೀಕೇಶ ಕೇಳಿದ.

"ಅರ್ಧ ಮಿಲಿಮೀಟರ್, ಅಂಕಲ್" ಎಂದ ಕಶ್ಯಪ. "ನಿಮ್ಮ ಇಡ್ಲಿ ರವೆಯ ಒಂದು ಕಾಳಿನಷ್ಟು ಅಂತ ಇಟ್ಕೊಳ್ಳಿ. ಈ ಬದಿಯಿಂದ ಕೂದಲಿನಂಥ ಫೈಬರ್‌ನಲ್ಲಿ ಲೇಸರ್ ಒಳಗೆ ಹೋಗತ್ತೆ, ಒಂದೇ ಬಣ್ಣ. ಸಾಲಿಟನ್ ಹುಟ್ಟಿದರೆ ಆ ಬದಿಯಿಂದ ನೂರಾರು ಬಣ್ಣ ಹೊರಗೆ ಬರತ್ತೆ. ಒಂದೊಂದರ ನಡುವೆಯೂ ಸರಿಯಾಗಿ ಅಷ್ಟೇ ಅಂತರ. ಬಾಚಣಿಗೆಯ ಹಲ್ಲಿನ ಥರ. ಅದಕ್ಕೇ ಕಾಂಬ್ ಅಂತಾರೆ. ಒಂದೊಂದು ಹಲ್ಲಿನ ಮೇಲೂ ಬೇರೆ ಬೇರೆ ಸುದ್ದಿ ಹೇರಿ ಕಳಿಸಬಹುದು. ಈಗ ಡೇಟಾ ಸೆಂಟರ್‌ಗಳಲ್ಲಿ ನೂರು ಲೇಸರ್ ಇಟ್ಟು ಮಾಡೋ ಕೆಲಸ, ಇಲ್ಲಿ ಒಂದು ಲೇಸರ್, ಒಂದು ರವೆ ಕಾಳು. ಬಸ್."

"ಮತ್ತೆ ಬಣ್ಣ ಎಲ್ಲಿ? ನನಗೆ ಎಂತದೂ ಕಾಣುವುದಿಲ್ಲ."

"ಕಣ್ಣಿಗೆ ಕಾಣೋ ಬೆಳಕಲ್ಲ ಅಂಕಲ್. ಪರದೆಯ ಮೇಲೆ ಗೆರೆ ನೋಡಬೇಕು. ಇಲ್ಲಾ ಕೇಳಬೇಕು."

ಕೇಳುವುದು ಅಮೂಲ್ಯಾಳ ಏರ್ಪಾಡು. ಹೊರಬರುವ ಬೆಳಕು ಎಷ್ಟು ಕದಡಿದೆ ಎಂಬುದನ್ನು ಅವಳು ಒಂದು ಪುಟ್ಟ ಸ್ಪೀಕರಿಗೆ ಜೋಡಿಸಿದ್ದಳು, ಪರದೆ ನೋಡಿ ನೋಡಿ ಕಣ್ಣು ಸೋತಾಗ ಕಿವಿಯಿಂದಲೇ ತಿಳಿಯಲೆಂದು. ಅವಳು ಗುಂಡಿ ತಿರುಗಿಸಿದಳು. ಲೇಸರಿನ ಬಣ್ಣ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಯುತ್ತ ಉಂಗುರಕ್ಕೆ ಒಪ್ಪುವ ಬಣ್ಣದ ಹತ್ತಿರ ಬಂತು. ಸ್ಪೀಕರಿನಿಂದ ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಸುರ್ರೆಂದು ಸದ್ದು ಎದ್ದಿತು. ಪರದೆಯಲ್ಲಿ ನೂರಾರು ಗೆರೆಗಳು ಕೆದರಿದ ಕೂದಲಿನಂತೆ ನಿಂತು ನಡುಗಿದವು. ಸದ್ದು ಏರಿತು, ಏರಿತು, ಫಟ್ಟೆಂದು ನಿಂತಿತು. ಪರದೆಯಲ್ಲಿ ಒಂದೇ ಒಂದು ಗೆರೆ ಉಳಿದಿತ್ತು.

"ಬಂತಾ?" ಎಂದ ಹೃಷೀಕೇಶ.

"ಬಿತ್ತು" ಎಂದಳು ಊರ್ಮಿಳಾ. ಅವಳು ದೂರದ ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ.

ಮತ್ತೆ ಹಿಡಿದರು, ಮತ್ತೆ ಬಿತ್ತು. ಕಶ್ಯಪ ಬೀಳುವ ಕಾರಣ ಹೇಳಿದ. ಬೆಳಕು ತುಂಬಿದಾಗ ಉಂಗುರ ಬಿಸಿಯಾಗುತ್ತದೆ. ಸಾಲಿಟನ್ ಹುಟ್ಟಿದ ಕ್ಷಣ ಒಳಗಿನ ಬೆಳಕು ಒಮ್ಮೆಲೇ ಕಡಿಮೆಯಾಗಿ ಉಂಗುರ ತಣಿಯುತ್ತದೆ. ತಣಿದರೆ ಅದರ ಶ್ರುತಿ ಸರಿಯುತ್ತದೆ, ಲೇಸರಿಗೂ ಅದಕ್ಕೂ ಹೊಂದಾಣಿಕೆ ತಪ್ಪುತ್ತದೆ, ಹುಟ್ಟಿದ್ದು ಹುಟ್ಟಿದಲ್ಲೇ ಹೋಗುತ್ತದೆ. ಹಾಗಾಗಬಾರದೆಂದು ಎದುರು ದಿಕ್ಕಿನಿಂದ ಇನ್ನೊಂದು ಲೇಸರ್ ಬಿಟ್ಟು ಉಂಗುರದ ಬಿಸಿಯನ್ನು ಕಾಯುತ್ತಾರೆ.

"ಒಟ್ಟಿಗೆ ನಾಲ್ಕು ದೋಸೆ ಹೊಯ್ದರೆ ಕಾವಲಿ ತಣ್ಣಗಾಗ್ತದೆ, ಆಗ ಉರಿ ಏರಿಸ್ತೇವೆ. ಹಾಗಾ?"

"ಹಾಗೇ ಅಂಕಲ್. ಆದರೆ ನಿಮಗೆ ಉರಿ ಏರಿಸೋಕೆ ಟೈಮ್ ಇರತ್ತೆ. ನಮಗೆ ಸೆಕೆಂಡಿನ ಲಕ್ಷದ ಒಂದು ಪಾಲೂ ಇಲ್ಲ."

ಎಷ್ಟು ಸಲ ಹಿಡಿದರೋ. ಅಮೂಲ್ಯಾಳ ಹಣೆಯಲ್ಲಿ ಆ ತಂಪಿನಲ್ಲೂ ಬೆವರು ಕಂಡಿತು. ಕಶ್ಯಪ ಎರಡನೆಯ ಲೇಸರನ್ನು ಒಂದು ಚೂರು ಸರಿಸಿದ. ಹೃಷೀಕೇಶನಿಗೆ ಪಾಪ ಅನ್ನಿಸತೊಡಗಿತು. ತಾನು ಹಟ ಹಿಡಿದು ಹೆಂಡತಿಯನ್ನು ಕರೆತಂದು, ಅವಳು ಹೆದರಿದ್ದನ್ನೇ ಅವಳಿಗೆ ತೋರಿಸುತ್ತಿದ್ದೇನೋ ಎಂದುಕೊಂಡ. ಅಷ್ಟರಲ್ಲಿ ಸುರ್ರೆನ್ನುವ ಸದ್ದು ಮತ್ತೊಮ್ಮೆ ಏರಿ, ನಿಂತಿತು.

ಈ ಸಲ ನಿಂತ ರೀತಿ ಬೇರೆ. ಕಡಿದು ಬಿದ್ದ ಹಾಗಲ್ಲ. ಗದ್ದಲ ಮಾಡುತ್ತಿದ್ದ ಸಭೆಗೆ ಯಾರೋ ಹಿರಿಯರು ಬಂದಾಗ ಎಲ್ಲರೂ ಬಾಯಿ ಮುಚ್ಚಿದ ಹಾಗೆ. ಪರದೆಯ ಮೇಲಿನ ಗೆರೆಗಳು ಹೋಗಲಿಲ್ಲ, ಆದರೆ ನಡುಕ ಬಿಟ್ಟವು. ಏರುತಗ್ಗಾಗಿ, ಆದರೂ ಅಲುಗದೆ ನಿಂತವು.

"ನಾಲ್ಕು ಸಾಲಿಟನ್ ಇರಬೇಕು ಒಳಗೆ" ಎಂದು ಕಶ್ಯಪ ಪಿಸುಗುಟ್ಟಿದ. "ಅಮೂಲ್ಯಾ, ಒಂದೇ ಉಳಿಯೋವರೆಗೆ ಹಿಂದೆ ತಗೊ. ಧೀರೇ."

ಅವಳು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಗೆರೆಗಳು ಒಮ್ಮೆ ಜಿಗಿದು ಬೇರೆ ಸಾಲಿನಲ್ಲಿ ನಿಂತವು. ಮೂರು. ಮತ್ತೊಮ್ಮೆ ಜಿಗಿದವು. ಎರಡು. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಎ.ಸಿ.ಯ ಗುಂಯ್ ಎನ್ನುವುದೊಂದೇ ಕೇಳುತ್ತಿತ್ತು. ಕೊನೆಗೆ, ಯಾರೂ ಏನೂ ಮಾಡದೆ ತಾನೇ ಮನಸ್ಸು ಮಾಡಿದ ಹಾಗೆ, ನೂರಾರು ಗೆರೆಗಳೂ ಸರಿದು ತಮ್ಮ ತಮ್ಮ ಎತ್ತರಕ್ಕೆ ನಿಂತವು. ಎಡದಿಂದ ಮೆಲ್ಲಗೆ ಏರಿ, ನಡುವೆ ತುದಿ ಮುಟ್ಟಿ, ಬಲಕ್ಕೆ ಮೆಲ್ಲಗೆ ಇಳಿಯುವ ಸಾಲು. ಒಂದು ಹಲ್ಲೂ ಮುಕ್ಕಾಗಿರಲಿಲ್ಲ.

ಹೃಷೀಕೇಶನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೇಸಿನ್ನಿನ ಪಕ್ಕದ ಮೇಜಿನ ಮೇಲೆ ಅವನು ನೋಡಿ ನೋಡಿ ಸಾಕಾಗಿದ್ದ ಆಕಾರ ಅದು. ಪೆನ್ನಿನಿಂದ ಹುಟ್ಟಿದ್ದು ಎಂದು ಅವನು ತಿಳಿದಿದ್ದ ಗುಡ್ಡೆ, ಯಾರ ಕೈಯೂ ಎಳೆಯದೆ, ಅಲ್ಲಿ ನಿಂತಿತ್ತು.

ಅವನು ತಿರುಗಿ ನೋಡಿದ. ಊರ್ಮಿಳಾ ಯಾವಾಗ ಎದ್ದು ಬಂದಳೋ, ಅವನ ಹಿಂದೆಯೇ ನಿಂತಿದ್ದಳು. ಕೈಚೀಲ ನೆಲದ ಮೇಲೆ ಬಿದ್ದಿತ್ತು. "ಬತ್ತ್ಂಡ್" ಎಂದಳು, ಮನೆಯ ತುಳುವಿನಲ್ಲಿ. ಬಂತು ಎಂದಷ್ಟೇ. ಆಮೇಲೆ ಮುಂದೆ ಬಂದು ಅಂಗೈಯನ್ನು ಪರದೆಗೆ ತಾಗಿಯೂ ತಾಗದ ಹಾಗೆ ಹಿಡಿದು, ಎಡದಿಂದ ಬಲಕ್ಕೆ ಆ ಏರಿಳಿತದ ಮೇಲೆ ಸವರಿದಳು.

"ಇದು ಬಣ್ಣಗಳ ಚಿತ್ರ" ಎಂದು ಅವಳು ಗಂಡನಿಗೆ ಹೇಳಿದಳು. "ಒಳಗೆ ಓಡುವ ಚೂರಿನದ್ದೂ ಇದೇ ಆಕಾರ. ಒಂಟಿಯಾಗಿದ್ದರೆ ಮಾತ್ರ ಹೀಗೆ ಎರಡೂ ಒಂದೇ ಥರ ಕಾಣ್ತದೆ."

"ಈಗ ಓಡ್ತಾ ಉಂಟಾ ಅದು? ನಾವು ಮಾತಾಡುವಾಗಲೇ?"

"ಸೆಕೆಂಡಿಗೆ ಹತ್ತು ಸಾವಿರ ಕೋಟಿ ಸುತ್ತು, ಅಂಕಲ್" ಎಂದ ಕಶ್ಯಪ.

ಹೃಷೀಕೇಶ ಆ ಸಂಖ್ಯೆಯನ್ನು ಬಾಯಲ್ಲಿ ಹೇಳಿ ನೋಡಿದ. ಅರ್ಥವಾಗಲಿಲ್ಲ. ತಾನೊಮ್ಮೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ, ಭೂಮಿಯ ಮೇಲಿನ ಒಬ್ಬೊಬ್ಬ ಮನುಷ್ಯನಿಗೂ ಒಂದೊಂದರಂತೆ ಸುತ್ತು ಹಾಕಿ ಮುಗಿಸಿ ಇನ್ನೂ ಉಳಿಯುತ್ತದೆ ಎಂದು ಊರ್ಮಿಳಾ ಹೇಳಿದಾಗ ಅವನಿಗೆ ತಲೆ ಗಿರ್ರೆಂದಿತು. ಅವನು ರೆಪ್ಪೆ ಮುಚ್ಚಿ ತೆರೆದ. ಗುಡ್ಡೆ ಇದ್ದ ಹಾಗೇ ಇತ್ತು.

ಊಟಕ್ಕೆ ಹೊಟೇಲಿನಿಂದಲೇ ಡಬ್ಬ ತಂದಿದ್ದರು. ಪಕ್ಕದ ಕೋಣೆಯಲ್ಲಿ ಕೂತು ನಾಲ್ವರೂ ಚಿತ್ರಾನ್ನ ತಿಂದರು. ಕಶ್ಯಪ, ಊರ್ಮಿಳಾ, ಅಮೂಲ್ಯಾ ಏನೇನೋ ಚರ್ಚೆಗಿಳಿದರು. ಅಮೂಲ್ಯಾಳ ಹಿಂದಿಯ ನಡುವೆ ಒಂದೆರಡು ಕನ್ನಡದ ಮಾತೂ ಹೊರಬಿದ್ದವು. ಹೃಷೀಕೇಶ ಮಾತ್ರ ಹೊರಗೆ ನೋಡುತ್ತಿದ್ದ. ಕಿಟಕಿಯಾಚೆ ಲಾರಿಯವನೊಬ್ಬ ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದ, ಇಬ್ಬರು ಹೆಂಗಸರು ಕಬ್ಬಿನ ಹಾಲು ಕುಡಿಯುತ್ತಿದ್ದರು. ಅವರಿಗೆ ಗೊತ್ತಿಲ್ಲ. ಗೋಡೆಯ ಈಚೆ ರವೆ ಕಾಳಿನಷ್ಟು ಜಾಗದಲ್ಲಿ ಏನು ನಡೆಯುತ್ತಿದೆ ಎಂಬುದು ಈ ಊರಿನಲ್ಲಿ ನಾಲ್ಕೇ ಜನಕ್ಕೆ ಗೊತ್ತು ಎನ್ನುವುದು ಅವನಿಗೆ ದೇವರ ಗರ್ಭಗುಡಿಯ ಹತ್ತಿರ ನಿಂತಾಗಿನ ಹಾಗೆ ಮೈ ಜುಮ್ಮೆನಿಸಿತು.

ಊಟವಾದ ಮೇಲೆ ಅಮೂಲ್ಯಾ, "ಅಂಕಲ್‌ಗೆ ಹಸಿರು ತೋರಿಸೋಣ" ಎಂದಳು. ಕೋಣೆಯ ದೀಪ ಆರಿಸಿ, ಎಲ್ಲರಿಗೂ ಲೇಸರಿನಿಂದ ಕಣ್ಣು ಕಾಯುವ ಕನ್ನಡಕ ಕೊಟ್ಟಳು. ಮೊದಲು ಬರೀ ಕತ್ತಲೆ. ಕಣ್ಣು ಹೊಂದಿಕೊಂಡಂತೆ, ಉಕ್ಕಿನ ಮೇಜಿನ ನಟ್ಟನಡುವೆ, ಹೃಷೀಕೇಶನಿಗೆ ಒಂದು ಹಸಿರು ಚುಕ್ಕೆ ಕಂಡಿತು. ಮಿಂಚುಹುಳಕ್ಕಿಂತ ಎಷ್ಟೋ ಪಾಲು ಸಣ್ಣದು.

"ಕಾಣದ ಬೆಳಕಿನ ಮೂರು ಕಣ ಸೇರಿ, ಕಾಣುವ ಒಂದು ಕಣ ಆಗ್ತದೆ" ಎಂದು ಕತ್ತಲಲ್ಲಿ ಊರ್ಮಿಳಾಳ ಧ್ವನಿ ಕೇಳಿಸಿತು. "ಕೆಲವಕ್ಕೇ ಹಾಗಾಗುವುದು. ಅದೇ ಈ ಹಸಿರು."

ಚುಕ್ಕೆಯಲ್ಲ ಅದು, ಸುತ್ತು. ಸರಿಯಾಗಿ ನೋಡಿದರೆ ನಡುವೆ ಕಪ್ಪು, ಸುತ್ತ ಹಸಿರಿನ ಎಳೆ. ಹೃಷೀಕೇಶ ಬಗ್ಗಿದ. ಇನ್ನಷ್ಟು ಬಗ್ಗಿದ. ಇಡೀ ಜಗತ್ತಿನಲ್ಲಿ ಆ ಹಸಿರು ಬಿಟ್ಟು ಅವನಿಗೆ ಬೇರೇನೂ ಇರಲಿಲ್ಲ. ಅವನ ಮೊಣಕೈ ಮೇಜಿನ ಅಂಚಿಗೆ ಊರಿತು, ಅಂಗಿಯ ತೋಳು ಕೂದಲಿನಂಥದ್ದೊಂದಕ್ಕೆ ತಾಗಿತು.

ಹಸಿರು ಆರಿತು.

ದೀಪ ಹಾಕಿದಾಗ ಪರದೆಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಅಮೂಲ್ಯಾ ತುಟಿ ಕಚ್ಚಿಕೊಂಡು ಫೈಬರಿನ ಕಡೆ ನೋಡುತ್ತಿದ್ದಳು. ಹೃಷೀಕೇಶ ಎರಡು ಕೈಗಳನ್ನೂ ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತ. "ನಾನು ಕೊಂದೆ" ಎಂದ. "ಊರ್ಮಿಳಾ, ನಿನ್ನದನ್ನ ನಾನೇ ಕೊಂದೆ."

ಊರ್ಮಿಳಾ ಅವನನ್ನು ನೋಡಿದಳು, ಖಾಲಿ ಪರದೆಯನ್ನು ನೋಡಿದಳು. ಆಮೇಲೆ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಗುವಷ್ಟು. ಆ ನಗು ಕಂಡು ಅಮೂಲ್ಯಾಳ ಬಿಗಿದ ಮುಖವೂ ಸಡಿಲವಾಯಿತು.

"ಎಂತ ಕೊಂದದ್ದು ಮಾರಾಯ್ರೆ? ಬನ್ನಿ ಇಲ್ಲಿ, ಕೂತುಕೊಳ್ಳಿ. ನಾನೂ ನಿಮ್ಮ ಹಾಗೇ ಮರುಳಾಗಿದ್ದೆ ಇಷ್ಟು ದಿನ." ಅವಳು ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಈ ಲೇಸರ್ ಇಷ್ಟು, ಈ ಉಂಗುರ ಇಷ್ಟು ಅಂತ ಆದ ಮೇಲೆ ಅದಕ್ಕೆ ಒಂದೇ ಆಕಾರ ಇರುವುದು. ಹೇಗೆ ಹುಟ್ಟಿತು, ಎಷ್ಟು ಸಲ ಬಿದ್ದಿತ್ತು, ಯಾರ ಕೈ ತಾಗಿತ್ತು, ಅದು ಎಂತದೂ ನೆನಪಿಟ್ಟುಕೊಳ್ಳುವುದಿಲ್ಲ. ಮತ್ತೆ ಹುಟ್ಟಿದರೆ ಅದೇ ಹುಟ್ತದೆ. ಬೇರೆ ಹುಟ್ಲಿಕ್ಕೆ ಸಾಧ್ಯವೇ ಇಲ್ಲ. ಇದನ್ನ ನಾನೇ ತೋರಿಸಿದ್ದು, ನೋಡಿ. ಮೂವತ್ತು ವರ್ಷದ ಹಿಂದೆ ನಾನೇ. ತೋರಿಸಿದೆ, ಆದರೆ ನಂಬ್ಲಿಲ್ಲ ಅಂತ ಕಾಣ್ತದೆ."

ಕಶ್ಯಪ ಮೇಜಿನ ಆ ಬದಿಯಿಂದ, "ಮೇಡಂ, ಫೈಬರ್ ಮುರಿದಿಲ್ಲ, ಜರುಗಿದೆ ಅಷ್ಟೇ. ಸರಿ ಮಾಡ್ತೀವಿ" ಎಂದ. "ಈ ಸಲ ಗುಂಡಿ ನೀವು ತಿರುಗಿಸಿ."

"ನಾನಾ?"

"ಮ್ಯಾಡಮ್, ಪ್ಲೀಸ್" ಎಂದಳು ಅಮೂಲ್ಯಾ. ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಫೈಬರನ್ನು ಮತ್ತೆ ಚಿಪ್‌ನ ಬಾಯಿಗೆ ಹೊಂದಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಊರ್ಮಿಳಾ ಸೆರಗು ಸಿಕ್ಕಿಸಿಕೊಂಡು ಕೂತಳು. ಹೃಷೀಕೇಶ ಹೆಂಡತಿಯ ಕೈಯನ್ನೇ ನೋಡಿದ. ಸೀಮೆಸುಣ್ಣ ಹಿಡಿದು, ಕೆಂಪು ಪೆನ್ನು ಹಿಡಿದು, ಲೋಕಲ್ಲಿನ ಹಿಡಿಕೆಗೆ ಜೋತುಬಿದ್ದು ನರ ಎದ್ದ ಕೈ. ಆ ಕೈ ಗುಂಡಿಯನ್ನು ತಿರುಗಿಸಿತು. ಸುರ್ರೆಂದು ಸದ್ದು ಬಂತು, ಏರಿತು, ಬಿತ್ತು. ಅವಳು ಮುಖ ಕೂಡ ಕಿವುಚಲಿಲ್ಲ. ಮತ್ತೆ ತಿರುಗಿಸಿದಳು. ಮತ್ತೆ ಬಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಸದ್ದು ನಿಂತಾಗ, ನಿಂತ ರೀತಿಯಿಂದಲೇ ಹೃಷೀಕೇಶನಿಗೆ ತಿಳಿಯಿತು.

ಒಳಗೆ ಈ ಸಲ ಎರಡೇ ಇದ್ದವು. ಅವಳು ಗುಂಡಿಯನ್ನು ಹಿಂದಕ್ಕೆ ಸರಿಸಿದಳು, ಕಾದಳು, ಇನ್ನೊಂದು ಕೂದಲೆಳೆ ಸರಿಸಿದಳು. ಗೆರೆಗಳು ಜಿಗಿದು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಸಾಲಾಗಿ ನಿಂತವು.

ಅಮೂಲ್ಯಾ ಮುಂದೆ ಬಗ್ಗಿ ಯಾವುದೋ ಒಂದು ಕೀಲಿ ಒತ್ತಿದಳು. ಬೆಳಿಗ್ಗೆ ಬಂದಿದ್ದ ಗುಡ್ಡೆಯ ಚಿತ್ರ ಯಂತ್ರದಲ್ಲಿ ಉಳಿದಿತ್ತು. ಅದು ಬೂದು ಬಣ್ಣದಲ್ಲಿ ಪರದೆಗೆ ಬಂತು, ಬಂದು ಈಗಿನದರ ಹಿಂದೆ ಮರೆಯಾಯಿತು. ಹಲ್ಲಿನ ಮೇಲೆ ಹಲ್ಲು, ತುದಿಯ ಮೇಲೆ ತುದಿ. ಹೃಷೀಕೇಶ ಕನ್ನಡಕ ಏರಿಸಿ ಹುಡುಕಿದ. ಬೂದು ಗೆರೆಯ ಒಂದು ಅಂಚೂ ಎಲ್ಲೂ ಹೊರಗೆ ಇಣುಕುತ್ತಿರಲಿಲ್ಲ.

ಕಶ್ಯಪನ ಕಣ್ಣು ಒದ್ದೆಯಾಗಿತ್ತು. ಅವನು ಇದನ್ನು ಎಷ್ಟೋ ಸಲ ನೋಡಿದವನು. ಊರ್ಮಿಳಾ ಗುಂಡಿಯ ಮೇಲಿನ ಕೈಯನ್ನು ನಿಧಾನವಾಗಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೃಷೀಕೇಶನಿಗೆ ಆಗ ಅನ್ನಿಸಿದ್ದನ್ನು ಅವನು ಆಮೇಲೆ ಯಾರಿಗೂ ಸರಿಯಾಗಿ ಹೇಳಲಾರದೆ ಹೋದ. ಈ ಆಕಾರ ಉಂಗುರದಲ್ಲಿ ಹುಟ್ಟಿದ್ದಲ್ಲ, ಕಾಗದದಲ್ಲೂ ಹುಟ್ಟಿದ್ದಲ್ಲ, ಇವೆರಡಕ್ಕೂ ಮೊದಲೇ ಎಲ್ಲೋ ಇದೆ, ಕರೆದರೆ ಬರುತ್ತದೆ, ತನ್ನ ಹೆಂಡತಿ ಎಳೆ ಪ್ರಾಯದಲ್ಲಿ ದೋಸೆಯ ವಾಸನೆಯ ನಡುವೆ ಕೂತು ಅದನ್ನು ಮೊದಲ ಸಲ ಕರೆದಿದ್ದಳು, ತಾನು ಚಾ ತಂದಿಟ್ಟು ಹೋಗಿದ್ದೆ. ಇಷ್ಟೇ.

ಅವರು ಹೊರಟಾಗ ಇನ್ನೂ ಬಿಸಿಲಿತ್ತು. ಗುಡ್ಡೆಯನ್ನು ಆರಿಸಬೇಡಿ ಎಂದು ಹೃಷೀಕೇಶ ಹೇಳಿದ. ಆರಿಸುವುದಿಲ್ಲ, ತಾನಾಗಿ ಹೋಗುವವರೆಗೆ ಬಿಡುತ್ತೇವೆ ಎಂದಳು ಅಮೂಲ್ಯಾ, ಕನ್ನಡದಲ್ಲಿ. ಇನ್ನು ಮೇಲೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕೆಲಸಕ್ಕೆ ಬರುತ್ತೀರಾ ಎಂದು ಕಶ್ಯಪ ಊರ್ಮಿಳಾಳನ್ನು ಕೇಳಿದ. ಅವಳು ಗಂಡನ ಕಡೆ ನೋಡಲಿಲ್ಲ, ಯೋಚಿಸಲೂ ಇಲ್ಲ. "ಬರ್ತೇನೆ" ಎಂದಳು.

ಠಾಣೆಯಲ್ಲಿ ಕಲ್ಯಾಣದ ಗಾಡಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಾಗ ಹೃಷೀಕೇಶ ಕೇಳಿದ, "ಅದು ಉಂಗುರದಲ್ಲಿ ಎಲ್ಲಿ ಹುಟ್ತದೆ? ಮೊದಲು ಯಾವ ಜಾಗದಲ್ಲಿ?"

ಊರ್ಮಿಳಾ ಉತ್ತರ ಕೊಡಲು ಬಾಯಿ ತೆರೆದು, ತಡೆದಳು. "ಆಕಾರ ನಿಗದಿ. ಜಾಗ ನಿಗದಿ ಇಲ್ಲ. ಸುತ್ತು ಅಂದ ಮೇಲೆ ಎಲ್ಲ ಜಾಗವೂ ಒಂದೇ ಅಲ್ವಾ, ಸಮೀಕರಣಕ್ಕೆ ಒಂದು ಜಾಗದ ಮೇಲೆ ಪ್ರೀತಿ ಇಲ್ಲ. ಆದರೂ ಹುಟ್ಟುವಾಗ ಎಲ್ಲೋ ಒಂದು ಕಡೆ ಹುಟ್ಲೇಬೇಕಲ್ಲ." ಅವಳು ಎದುರಿನ ಹಳಿಯ ಮೇಲೆ ದೃಷ್ಟಿ ನೆಟ್ಟಳು. "ಯಾಕೆ ಅಲ್ಲಿ, ಯಾಕೆ ಇನ್ನೊಂದು ಕಡೆ ಅಲ್ಲ, ನನಗೆ ಗೊತ್ತಿಲ್ಲ. ಒಳ್ಳೆಯ ಪ್ರಶ್ನೆ ಅದು."

ಗಾಡಿ ಬಂತು. ಜನ ನುಗ್ಗಿದರು. ಅವಳು ಎದ್ದು ಲೇಡೀಸ್ ಡಬ್ಬಿಯ ಕಡೆ ಹೋಗಬೇಕಾದವಳು ಹೋಗಲಿಲ್ಲ. ಬೆಂಚಿನಲ್ಲೇ ಕೂತು, ಬೆರಳಿನಿಂದ ಮೊಣಕಾಲಿನ ಮೇಲೆ ಒಂದು ಸುತ್ತು ಬರೆಯುತ್ತ ಏನೋ ಗೊಣಗುತ್ತಿದ್ದಳು. ಹೃಷೀಕೇಶ ಅವಳನ್ನು ಎಬ್ಬಿಸಲಿಲ್ಲ. ಇನ್ನೊಂದು ಗಾಡಿ ಇರುತ್ತದೆ ಎಂದುಕೊಂಡು, ಇಬ್ಬರಿಗೂ ಚಾ ತರಲು ಸ್ಟಾಲಿನ ಕಡೆ ನಡೆದ.